ಬ್ಯಾರನ್ ಮೇಲಿನ ಬಂಡೆ

ಹನಗೋಡಿನ ಹತ್ತಿರ ಅಕ್ಕನ ಹೊಲ. ಅಲ್ಲಿನ ದಿಣ್ಣೆಯ ಮೇಲೆ ಒಂದು ಬಂಡೆ, ಅದರ ಕೆಳಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಈ ಸಲದ ಮಳೆಗೆ ಬುಡದ ಮಣ್ಣು ಕೊಚ್ಚಿಹೋಗಿ ಬಂಡೆ ಬ್ಯಾರನ್ ಕಡೆಗೆ ವಾಲಿತ್ತು. ಅದೇ ಮಳೆಯ ಕೆಸರಿನಲ್ಲಿ ಸೌದೆ ತಂದ ಟ್ರ್ಯಾಕ್ಟರ್ ಹೂತುಕೊಂಡು, ಲೋಡನ್ನೆಲ್ಲ ಬಂಡೆಗೂ ಬ್ಯಾರನ್‌ಗೂ ನಡುವೆ ದಿಣ್ಣೆಯ ತಪ್ಪಲಿನಲ್ಲೇ ಸುರಿದು ಹೋಗಿತ್ತು. ಒಲೆಗೆ ಅಷ್ಟು ದೂರದಿಂದ ಸೌದೆ ಹೊರಬೇಕಾದ ಅಕ್ಕ ಟ್ರ್ಯಾಕ್ಟರ್‌ನವನನ್ನು ದಿನಾ ಬೈಯುತ್ತಿದ್ದಳು.

ಯಂತ್ರ ತಂದರೆ ಅದರ ಅದುರಾಟಕ್ಕೇ ಬಂಡೆ ಉರುಳೀತು ಎಂದು ಹುಣಸೂರಿನಿಂದ ಕಲ್ಲು ಸೀಳುವ ಮೇಸ್ತ್ರಿಯನ್ನು ಕರೆಸಿದೆವು. ತಲೆಮಾರುಗಳಿಂದ ಒರಳು, ಬೀಸುಕಲ್ಲು ಮಾಡಿಕೊಂಡು ಬಂದ ಮುಸ್ಲಿಂ ಮನೆತನದವರು. ಬಂಡೆಯನ್ನು ಒಂದು ಸುತ್ತು ಹಾಕಿ ಲೆಕ್ಕಾಚಾರ ಹೇಳಿದರು. ಉದ್ದಕ್ಕೆ ಸೀಳಿದರೆ ಎರಡು ಹೋಳು ಎಡಕ್ಕೊಂದು ಬಲಕ್ಕೊಂದು ಮಲಗುತ್ತವೆ. ಅಡ್ಡಕ್ಕೆ ಸೀಳಿದರೆ ಮುಂದಿನ ಹೋಳು ನೇರ ಬ್ಯಾರನ್‌ಗೆ.

"ಒಲೆ ಆರ್ಸಿ ಈ ಕಡೀಕೆ ಬಂದ್ಬುಡಿ ಅಮ್ಮ" ಎಂದು ಮೇಸ್ತ್ರಿ ಅಕ್ಕನಿಗೆ ಹೇಳಿದರು.

"ಸೊಪ್ಪು ಈಗ ಅರಿಶಿನ ತಿರುಗ್ತಾ ಅದೆ. ಕಾವು ಇಳುದ್ರೆ ಅಷ್ಟೂ ಕರ್ರಗಾಯ್ತದೆ. ನಾನು ಬರಾಕಿಲ್ಲ."

"ಬಂಡೆ ಬಂದ್ರೆ?"

"ನೀವು ಬರಾಕೆ ಬುಟ್ರೆ ತಾನೆ?"

ಪತ್ರಿಕೆಗೆ ಬರೆಯುವ ನಾನೂ ಕರೆದೆ. "ನಿನ್ ಪೇಪರ್ನಲ್ಲಿ ಆಕ್ಕೋ ಓಗೋ, ಅಕ್ಕ ಮಾತು ಕೇಳ್ನಿಲ್ಲ ಅಂತ" ಎಂದು ಒಲೆಯ ಬಾಯಿಯ ಮುಂದೆ ಕುಳಿತೇಬಿಟ್ಟಳು. ವರ್ಷದ ಬೆಳೆಯೆಲ್ಲ ಒಳಗಿತ್ತು, ಅವಳು ಅದರ ಮುಂದಿದ್ದಳು.

ಮೇಸ್ತ್ರಿ ಸುತ್ತಿಗೆ ಮುಟ್ಟಲಿಲ್ಲ. ನೀರು ಕೇಳಿದರು. ನಾನು ಹದಿನಾಲ್ಕು ಬಿಂದಿಗೆ ಹೊತ್ತೆ. ಅವರು ಬಂಡೆಯ ನೆತ್ತಿಯಿಂದ ಸುರಿದು, ಬೀಡಿ ಹಚ್ಚಿ ಬಿಸಿಲಿನಲ್ಲಿ ಕೂತರು. ಕಲ್ಲು ಒಣಗುತ್ತ ಬಂತು. ಎಲ್ಲ ಬೆಳ್ಳಗಾದ ಮೇಲೂ ಒಂದು ಗೆರೆ ಮಾತ್ರ ಕಪ್ಪಗೆ ಉಳಿಯಿತು. ಕೂದಲೆಳೆಯಷ್ಟು ಸಣ್ಣದು, ಬಂಡೆಯ ಉದ್ದಕ್ಕೂ! ನಾನು ಪೆನ್ನು ಬಿಟ್ಟು ಎದ್ದುನಿಂತೆ.

"ಕಲ್ಲಿನ ಬಾಯಿ ಅಲ್ಲಿ ಅದೆ ನೋಡಿ. ನೀರು ಕುಡ್ಕಂಡು ಸುಮ್ನೆ ಕೂತದೆ" ಎಂದರು.

ನೂರಾರು ಕೋಟಿ ವರ್ಷ ಹಳೆಯ ಕಲ್ಲು. ಆ ಬಿರುಕು ಅಲ್ಲೇ ಏಕೆ ಹುಟ್ಟಿತು ಎನ್ನುವುದಕ್ಕೆ ಸಾಕ್ಷಿ ಇಲ್ಲ. ಆಕಸ್ಮಿಕ ಎಂದೇ ಬರೆಯಬೇಕು. ಆದರೆ ನೀರು ಅದನ್ನು ಹುಡುಕಿಕೊಂಡು ಇಳಿದದ್ದು, ಬಿಸಿಲು ಅದನ್ನು ಕೊನೆಗೆ ಒಣಗಿಸುವುದು, ಇವುಗಳಲ್ಲಿ ಆಕಸ್ಮಿಕ ಏನೂ ಇಲ್ಲ, ಅದು ನಿಯಮ. ಮೇಸ್ತ್ರಿ ಆ ನಿಯಮದ ಬಾಯಿಂದ ಆಕಸ್ಮಿಕವನ್ನು ಹೇಳಿಸಿದ್ದರು.

ಗೆರೆಯ ಮೇಲೆ ಒಂಬತ್ತು ಕಬ್ಬಿಣದ ಬೆಣೆ ನೆಟ್ಟರು. "ಬಿಸ್ಮಿಲ್ಲಾ" ಎಂದು ಪ್ರತಿಯೊಂದಕ್ಕೂ ಒಂದೊಂದೇ ಪೆಟ್ಟು, ಮತ್ತೆ ಮೊದಲಿನಿಂದ. ಜೋರಾಗಿ ಹೊಡೆಯಲೇ ಇಲ್ಲ. ಟಣ್ ಎನ್ನುತ್ತಿದ್ದ ಕಲ್ಲು ಆರನೇ ಸುತ್ತಿನಲ್ಲಿ ಮಂದ ಸದ್ದು ಮಾಡಿತು. ಏಳನೆಯದಕ್ಕೆ ಚಟ್ ಎಂದಿತು. ಬಿರುಕು ನನ್ನ ಕಣ್ಣೆದುರೇ ಓಡಿತು, ಒದ್ದೆ ಗೆರೆಯ ಮೇಲೇ, ಹಿಂದಿನಿಂದ ಮುಂದಕ್ಕೆ. ಹೋಳುಗಳು ಎಡಬಲಕ್ಕೆ ಮಲಗಿದವು. ನಾನು ಖುಷಿಗೆ ಕೂಗಲು ಬಾಯಿ ತೆರೆದಿದ್ದೆ.

ಆದರೆ ಕೊನೆಯ ಮೊಳದಲ್ಲಿ ಬಿರುಕು ಪಕ್ಕಕ್ಕೆ ತಿರುಗಿತ್ತು. ಕರುವಿನ ಗಾತ್ರದ ಒಂದು ಚೂರು ಕಳಚಿ ಉರುಳತೊಡಗಿತು. ಕೆಳಗೆ ಅಕ್ಕ. "ಅಕ್ಕಾ!" ಎಂದು ಕಿರುಚಿದೆ. ಅವಳು ಏಳುವುದರೊಳಗೆ ಅದು ತಪ್ಪಲಿನ ಸೌದೆ ರಾಶಿಗೆ ನುಗ್ಗಿ, ಮರವನ್ನೆಲ್ಲ ಸಿಗಿದು, ನಿಂತಿತು.

ಮೇಸ್ತ್ರಿ ಕಲ್ಲಿನ ಹೊಸ ಮುಖದ ಮೇಲೆ ಕೈಯಾಡಿಸಿದರು. ಒಳಗೆ ಅಡ್ಡಕ್ಕೆ ಬಿಳಿ ಬೆಣಚುಕಲ್ಲಿನ ಪಟ್ಟೆ ಇತ್ತು. ಕೆಳಗಿಳಿದು ಬಂದು, "ಆ ಬಿಳೀ ನರ ನಂಗೆ ಗೊತ್ತಾಗ್ನಿಲ್ಲ ಕಣಮ್ಮ. ನೀರೂ ಹೇಳ್ನಿಲ್ಲ" ಎಂದರು.

ಅಕ್ಕ ಮೊದಲು ಬ್ಯಾರನ್‌ನ ಕಿಟಕಿಯಲ್ಲಿ ಥರ್ಮಾಮೀಟರ್ ನೋಡಿದಳು. ಕಾವು ಇಳಿದಿರಲಿಲ್ಲ. ಆಮೇಲೆ ಸೌದೆ ರಾಶಿಯ ಹತ್ತಿರ ಹೋಗಿ, ಅದರಲ್ಲಿ ಸಿಕ್ಕಿಕೊಂಡ ಕಲ್ಲನ್ನು ಕಾಲಿನಿಂದ ತಳ್ಳಿ ನೋಡಿದಳು.

"ಟ್ರ್ಯಾಕ್ಟರ್‌ನೋನ್ನ ಇನ್ಮೇಲೆ ಬಯ್ಯಾಕಿಲ್ಲ ಬುಡು" ಎಂದಳು. ಬಂಡೆ ಸೀಳಿಕೊಟ್ಟಿದ್ದ ಸೌದೆಯನ್ನು ತೋಳ ತುಂಬ ಎತ್ತಿಕೊಂಡು ಒಲೆಯ ಕಡೆಗೆ ನಡೆದಳು.