ನುಸಿಗೂ ಉಣ್ಣಿಗೂ ಒಂದೇ ಎಣ್ಣೆ

ಬೆಳಿಗ್ಗೆ ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಮಜ್ಜಿಗೆ ಕಡೆದು ಮುಗಿಸುವಷ್ಟರಲ್ಲಿ ಕುರಿಗಾರರ ಮಾಳಮ್ಮ ಬಾಗಿಲಿಗೆ ಬಂದಳು. ಮಸ್ಕಿ ರಸ್ತೆಯ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಅವರ ಕುರಿಗಳನ್ನು ಮೂರು ರಾತ್ರಿ ನಿಲ್ಲಿಸಿದ್ದೆವು. ಅದಕ್ಕೆ ಜೋಳ ಕೊಡುವುದು ನಮ್ಮ ಕಡೆಯ ರೂಢಿ. ಚೀಲ ಬಿಚ್ಚಿದರೆ ತುಂಬ ನುಸಿ ಹರಿದಾಡುತ್ತಿತ್ತು. ಇಂಥ ಕಾಳು ಹೇಗೆ ಕೊಡಲಿ ಎಂದು ನಾಚಿಕೆಯಾಯಿತು. ವರ್ಷವಿಡೀ ನಾವು ಉಣ್ಣಬೇಕಾದ ಜೋಳವೂ ಅದೇ.

“ನಾಚ್ಕಿ ಯಾಕ್ರೀ ಅಕ್ಕಾರ? ನಿಮ್ ಜ್ವಾಳಕ್ಕ ನುಸಿ, ನಮ್ ಕುರಿಗಿ ಉಣ್ಣಿ. ಎರಡಕ್ಕೂ ಈ ವಾಸನಿ ಆಗಂಗಿಲ್ಲ,” ಎನ್ನುತ್ತ ಅವಳು ಉಡಿಯಿಂದ ನೀಲಗಿರಿ ಎಣ್ಣೆಯ ಸಣ್ಣ ಶೀಶೆ ತೆಗೆದಳು. ಅದನ್ನು ಬೇವಿನೆಣ್ಣೆಗೆ ಬೆರೆಸಿ ಕುರಿಗಳ ಕಿವಿಗೆ ಸವರುತ್ತಾರಂತೆ.

ಇಬ್ಬರೂ ಜೋಳವನ್ನು ಬಿಸಿಲಿಗೆ ಹರವಿ, ನುಸಿ ಹೋಗುವಂತೆ ಕೇರಿದೆವು. ಅವಳ ಪಾಲು ಅಳೆದುಕೊಟ್ಟು, ಉಳಿದದ್ದನ್ನು ಡಬ್ಬಿಗೆ ತುಂಬಿದೆ. ಬಟ್ಟೆಯ ಗಂಟಿಗೆ ಎರಡು ಹನಿ ಎಣ್ಣೆ ಹಾಕಿ ಜೋಳದ ಮೇಲಿಡಲು ಹೇಳಿ ಮಾಳಮ್ಮ ಮಜ್ಜಿಗೆ ಕುಡಿಯಲು ಕುಳಿತಳು. ಎರಡು ಹನಿ ಯಾವ ಮೂಲೆಗೆ ಎಂದುಕೊಂಡು ನಾನು ಅರ್ಧ ಶೀಶೆ ಸುರಿದೆ. ಮನೆಯೆಲ್ಲ ಘಾಟು.

“ನುಸಿ ಓಡಸ್ರಿ ಅಂದ್ರ ಮನಿ ಮಂದೀನ ಓಡಸಾಕತ್ತೀರಲ್ರೀ,” ಎಂದು ಅವಳು ಮಜ್ಜಿಗೆ ಚೆಲ್ಲುವಂತೆ ನಕ್ಕಳು.

ವಾರ ಕಳೆದು ಡಬ್ಬಿ ತೆಗೆದರೆ ಒಂದೂ ನುಸಿ ಇರಲಿಲ್ಲ. ಆ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿದೆ. ರೊಟ್ಟಿಗೂ ನೀಲಗಿರಿಯದೇ ವಾಸನೆ. ನೆಗಡಿಯಾಗಿದ್ದ ನಮ್ಮ ಮನೆಯವರು, “ಮೂಗು ಬಿಡ್ತು ನೋಡು,” ಎಂದು ಮೂರು ರೊಟ್ಟಿ ತಿಂದು, ಎಲ್ಲರಿಗಿಂತ ಮೊದಲು ಮಲಗಿದರು, ಗೊರಕೆಯಿಲ್ಲದೆ.