ತನ್ನ ಸರಕನ್ನೇ ಹಳಿದ ಮೇಡಂ

ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಹೇಮಾಕ್ಷಿ ಒಳ್ಳೆಯ ಮಾಲು, ಕೆಟ್ಟ ಪ್ಯಾಕಿಂಗು. ನಲವತ್ತರ ಆಸುಪಾಸು, ಗಂಜಿ ಹಾಕಿದ ಕಾಟನ್ ಸೀರೆ, ಎದುರಿನವರ ಮಾತು ಮುಗಿಯುವ ತನಕ ಕಾಯುವ ಅಭ್ಯಾಸ. ಈ ಕೊನೆಯದು ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರಿಗೆ ಸಲ್ಲದ ಗುಣ. ದಾವಣಗೆರೆಯಿಂದ ವಿಶಾಖಪಟ್ಟಣದ ತೆಲುಗು ಮನೆಗೆ ಸೊಸೆಯಾಗಿ ಬಂದವರು, ಎಂವಿಪಿ ಕಾಲೋನಿಯಲ್ಲಿ ಕಾಮೇಶ್ವರ ನಡೆಸುವ ಕೋಚಿಂಗ್ ಸೆಂಟರಿನಲ್ಲಿ ವರ್ಷಗಳಿಂದ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು.

ಅಲ್ಲಿ ಹೊಸ ಬ್ಯಾಚಿಗೆ ಮುಂಚೆ ಪುಕ್ಕಟೆ ಡೆಮೋ ಕ್ಲಾಸು ನಡೆಯುತ್ತದೆ. ಮಕ್ಕಳು ಮುಂದೆ, ಹೆತ್ತವರು ಹಿಂದೆ. ಒಂದು ಕೋಣೆಯಲ್ಲಿ ಹೇಮಾಕ್ಷಿಯ ಪಿಎಚ್‌ಪಿ, ಪಕ್ಕದಲ್ಲಿ ತೇಜ ಎಂಬ ಹುರುಪಿನ ಮೇಷ್ಟರ ಪೈಥಾನ್. ಯಾರ ಕೋಣೆ ತುಂಬದೋ ಅವರಿಗೆ ಆ ಸಲ ಪಾಠವಿಲ್ಲ. ಹೇಮಾಕ್ಷಿಯ ಹಿಂದಿನ ಬ್ಯಾಚು ಅರ್ಧಂಬರ್ಧ ತುಂಬಿತ್ತು.

ಅವತ್ತು ಬೆಳಿಗ್ಗೆ ಕಾಮೇಶ್ವರ ಬಾಗಿಲಲ್ಲೇ ತಡೆದು ತೆಲುಗಿನಲ್ಲಿ ಹೇಳಿದರು: “ಈ ಸಲವೂ ಹಾಗೇ ಆದ್ರೆ ನಿಮ್ಮ ಕ್ಲಾಸು ಮುಚ್ತೀನಿ ಮೇಡಂ. ನಮ್ಮದೇ ಬೆಸ್ಟ್ ಅಂತ ಹೇಳಿಬಿಡಿ ಅಂಡಿ, ನಿಮ್ಮ ಗಂಟೇನು ಹೋಗುತ್ತೆ?”

ಹೇಳಿಯೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡು ಹೇಮಾಕ್ಷಿ ಒಳಗೆ ಹೋದರು.

ಹಿಂದಿನ ಬೆಂಚಿನಲ್ಲಿ ಕೆಂಪಣ್ಣ ಕೂತಿದ್ದ. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿಯವನು. ಇದನ್ನು ಬರೆಯುತ್ತಿರುವವನೂ ಅವನೇ. ವಿಶಾಖಪಟ್ಟಣದಲ್ಲಿರುವ ತಂಗಿಯ ಮಗಳು ಅಪೂರ್ವಳನ್ನು ಸೇರಿಸಲು ಬಂದಿದ್ದ. ಬಿಟ್ಟಿ ಸಿಕ್ಕ ಜ್ಞಾನವನ್ನು ಬಿಡಬಾರದೆಂದು ಕೈ ಎತ್ತಿ, ಮೇಡಂ ದಾವಣಗೆರೆಯವರೆಂದು ಕೇಳಿ ತಿಳಿದಿದ್ದರಿಂದ ಕನ್ನಡದಲ್ಲೇ ಕೇಳಿದ: “ಸ್ಟೀಲಿನ ದರ ದಿನಾ ಬದಲಾಗ್ತದೆ ಮೇಡಂ. ಆಯಾ ದಿನದ ದರ ತಾನಾಗೇ ತೋರ್ಸೋ ವೆಬ್ ಪುಟ ಬೇಕು. ಯಾವ ಭಾಷೆ ವಾಸಿ?”

ಹೇಮಾಕ್ಷಿ ಎಡವಿದ್ದು ಇಲ್ಲೇ. ಮಾರುವ ಮಾತನ್ನೆಲ್ಲ ಅವರು ತೆಲುಗಿನಲ್ಲಿ ಕಲಿತವರು. ಕನ್ನಡದಲ್ಲಿ ಡೆಮೋ ಕೊಟ್ಟು ಅಭ್ಯಾಸವಿರಲಿಲ್ಲ. ತವರಿನ ಮಾತು ಬಾಯಿಗೆ ಬಂದದ್ದೇ ನಿಜವೂ ಜೊತೆಗೆ ಬಂತು.

“ನಿಮಗೆ ಪಿಎಚ್‌ಪಿ ಸಾಕಣ್ಣ. ಗಿರಾಕಿ ಕೇಳಿದ್ರೆ ಆಳು ಗೋಡೌನಿಗೆ ಹೋಗಿ ತರ್ತಾನಲ್ಲ? ಪುಟ ಕೇಳಿದಾಗ ಸರ್ವರಿನಲ್ಲಿ ಆ ಓಡಾಟ ಮಾಡೋದೇ ಈ ಭಾಷೆಗಳು. ಪಿಎಚ್‌ಪಿ ಹಳೇ ಆಳು, ಎಂಥ ಅಗ್ಗದ ಸರ್ವರಿನಲ್ಲೂ ಹೊಂದ್ಕೊಂಡು ಹೋಗ್ತಾನೆ. ನೋಡ್‌ಜೆಎಸ್ ಅಂತ ಇನ್ನೊಬ್ಬ ಆಳಿದ್ದಾನೆ, ಒಬ್ಬನೇ ನೂರು ಗಿರಾಕಿಗೆ ಓಗೊಡ್ತಾನೆ, ಚಾಟು ಗೀಟು ಅಂಥದ್ದಕ್ಕೆ ಸರಿ. ಪೈಥಾನ್ ಸಾಮಾನೂ ತರ್ತಾನೆ, ಲೆಕ್ಕಾಚಾರನೂ ನೋಡ್ತಾನೆ. ಕಂಪನಿಗಳಿಗೆ ಈಗ ಅವನೇ ಬೇಕು.”

“ಹಂಗಾದ್ರೆ ನಮ್ಮ ಹುಡುಗಿ ಏನು ಕಲೀಲಿ?”

“ನೌಕರಿಗಾದ್ರೆ ಪೈಥಾನ್. ಪಕ್ಕದ ಕೋಣೆ.”

ಕೆಂಪಣ್ಣನ ಬೆಂಚಿನಲ್ಲೇ ಕೂತಿದ್ದ, ದುರ್ಗಾಭವಾನಿ ಎಂಬ ಹುಡುಗಿಯ ತಾಯಿ ಲಕ್ಷ್ಮೀಕಾಂತಮ್ಮನ ಕಿವಿ ನಿಮಿರಿತು. “ಅವರಿಗೇನಮ್ಮಾ ಕನ್ನಡದಲ್ಲಿ ಗುಟ್ಟು ಹೇಳ್ತಿದ್ದೀರಿ? ನಮಗೂ ತೆಲುಗಲ್ಲಿ ಹೇಳಿ!”

ಹೇಮಾಕ್ಷಿ ತೆಲುಗಿನಲ್ಲಿ ಬೇರೆ ಏನಾದರೂ ಹೇಳಬಹುದಿತ್ತು. ಬಾಗಿಲಲ್ಲಿ ನಿಂತ ಕಾಮೇಶ್ವರರಿಗೆ ಕನ್ನಡ ಬಾರದು. ಒಂದೇ ಸರಕಿಗೆ ಒಂದೇ ಬೆಂಚಿನಲ್ಲಿ ಎರಡು ದರ ಹೇಳುವುದು ಗವರ್ನರ್‌ಪೇಟೆಯಲ್ಲಿ ನಿತ್ಯದ ಮಾತು. ಹೇಮಾಕ್ಷಿಯ ನಾಲಿಗೆಗೆ ಅದು ಬರಲಿಲ್ಲ. ಕನ್ನಡದಲ್ಲಿ ಹೇಳಿದ್ದನ್ನೇ ತೆಲುಗಿನಲ್ಲೂ ಹೇಳಿದರು.

ಮೆಚ್ಚುಗೆ ಸಿಕ್ಕೀತೆಂಬ ಆಸೆ ಅವರಿಗೆ ಒಂದು ಗಳಿಗೆ ಇತ್ತೋ ಏನೋ. ಬೆಂಚುಗಳು ಕಿರುಗುಟ್ಟಿದವು. “ತನ್ನ ಸರಕಿನ ಮೇಲೆ ತನಗೇ ನಂಬಿಕೆ ಇಲ್ಲ, ಇವಳ ಹತ್ರ ಏನು ಕಲೀತೀಯ, ಏಳೇ!” ಎಂದು ಲಕ್ಷ್ಮೀಕಾಂತಮ್ಮ ಮಗಳನ್ನು ಎಬ್ಬಿಸಿದರು. ಕೆಂಪಣ್ಣನೂ ಅಪೂರ್ವಳನ್ನು ಪಕ್ಕದ ಕೋಣೆಗೆ ದಾಟಿಸಿದ. ಅಲ್ಲಿ ತೇಜ, “ಪಿಎಚ್‌ಪಿ ಸತ್ತು ಯಾವ ಕಾಲವಾಯ್ತು!” ಎಂದದ್ದಕ್ಕೆ ಬಿದ್ದ ಚಪ್ಪಾಳೆ ಗೋಡೆಯಾಚೆಗೂ ಕೇಳಿಸಿತು. ಹೇಮಾಕ್ಷಿ ಖಾಲಿ ಬೆಂಚುಗಳ ಮುಂದೆ ಬೋರ್ಡು ಒರೆಸಿದರು.

“ನಿಜ ಹೇಳೋಕೆ ನಾನೇಕೆ ಸಂಬಳ ಕೊಡಬೇಕು ಮೇಡಂ?” ಎಂದರು ಕಾಮೇಶ್ವರ. ಕೆಲಸದಿಂದ ತೆಗೆಯಲಿಲ್ಲ, ಅಷ್ಟು ಧರ್ಮಿಷ್ಠರು. ಮುಂಬಾಗಿಲಿನ ಮೇಜಿನ ಹಿಂದೆ ಕೂರಿಸಿ ಫೋನು ಕೊಟ್ಟರು. ಹೆತ್ತವರಿಗೆ ಕರೆ ಮಾಡಿ ತೇಜನ ಡೆಮೋಗೆ ಕರೆಯುವುದು ಈಗ ಹೇಮಾಕ್ಷಿಯ ಕೆಲಸ. ಫೋನಿಟ್ಟ ಮೇಲೆ ಕೆಲವೊಮ್ಮೆ ತಾವು ಕಲಿಸುತ್ತಿದ್ದ ಕೋಣೆಯ ಕಡೆ ನೋಡುತ್ತಾರೆ. ಅಲ್ಲೀಗ ತೇಜನ ಎರಡನೆಯ ಬ್ಯಾಚು.

ಕೆಂಪಣ್ಣ ಕೇಳಿಕೊಂಡದ್ದಕ್ಕೆ ಅವನ ಅಂಗಡಿಯ ಪುಟವನ್ನು ಹೇಮಾಕ್ಷಿಯೇ ಭಾನುವಾರಗಳಲ್ಲಿ ಕೂತು ಪಿಎಚ್‌ಪಿಯಲ್ಲಿ ಬರೆದುಕೊಟ್ಟರು. ಅದಾದ ಮೇಲೆ ಅವರು ಏನನ್ನೂ ಬರೆದಿಲ್ಲ. ಪುಟ ಒಂದು ದಿನವೂ ನಿಂತಿಲ್ಲ. ಅವನಿಗೆ ಕೊಟ್ಟ ನೇರ ಉತ್ತರಕ್ಕೆ ಅವರು ಪಾಠ ಹೇಳುವ ಕೆಲಸವನ್ನೇ ಕಳೆದುಕೊಂಡರು, ಅದರ ಲಾಭ ಅವನದಾಯಿತು. ಆ ಉತ್ತರದ ಋಣ ಕೆಂಪಣ್ಣನ ಮೇಲಿದೆ.