ಅಳಿವೆಯ ಐದನೇ ಕೂಗು

ಕುಮಟಾದಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ ಎಂದರೆ ಜನರಿಗೆ ಸಮಾಧಾನ. ಉಳಿದ ಹೊತ್ತಿನಲ್ಲಿ ಮಾಡುವುದನ್ನು ಹೇಳಿದರೆ, ಇವಳಿಗೆ ಮಾಡಲು ಬೇರೆ ಕೆಲಸವಿಲ್ಲ ಅನ್ನುತ್ತಾರೆ. ಸೂರ್ಯನಿಂದ ಕಣಗಳ ಗಾಳಿ ಸದಾ ಬೀಸುತ್ತಿರುತ್ತದೆ. ಭೂಮಿಯ ಮುಂದೆ, ಬಿಲ್ಲಿನಂತೆ ಬಾಗಿದ ಒಂದು ಗಡಿಯಲ್ಲಿ ಅದು ಬಡಿದುಕೊಳ್ಳುತ್ತದೆ. ಆ ಗಡಿ ಇನ್ನೂ ದೂರವಿರುವಾಗಲೇ ಬಾಹ್ಯಾಕಾಶ ನೌಕೆಯ ಉಪಕರಣಕ್ಕೆ ಅಲೆಗಳು ಸಿಗುತ್ತವೆ. ಅವು ಎಲ್ಲಿ ಹುಟ್ಟಿದವು ಎಂದು ಹುಡುಕುವುದೇ ನನ್ನ ಹುಚ್ಚು.

ಕಳೆದ ವರ್ಷ ಒಂದು ಮಧ್ಯಾಹ್ನ, ಹೊನ್ನಾವರದ ನಮ್ಮ ಮನೆಯಲ್ಲಿ, ಆ ಅಲೆಗಳನ್ನು ಸದ್ದಾಗಿಸಿ ಮೊಬೈಲಿನಲ್ಲಿ ಕೇಳುತ್ತಿದ್ದೆ. ಸಿಳ್ಳೆ, ನಡುವೆ ಯಾರೋ ನರಳಿದಂತೆ. ಮೀನು ಕೊಯ್ಯುತ್ತಿದ್ದ ಅಮ್ಮನ, ನಮ್ಮ ಅವ್ವಿಯ, ಕೈ ನಿಂತಿತು.

"ಯಾರು ಕೂಗೂದು ಅದು?"

"ಯಾರೂ ಅಲ್ಲ ಅವ್ವಿ. ಗಡಿಗೆ ಬಡಿದು ತಿರುಗಿದ ಕಣ, ಎದುರು ಬರೂದರ ನಡುವೆ ನುಗ್ತದೆ. ಆಗ ಎದ್ದ ಅಲೆ ಇದು."

ಅವಳಿಗೆ ಕೂಡಲೇ ಅರ್ಥವಾಯಿತು. ನನ್ನ ವಿದ್ಯಾರ್ಥಿಗಳಿಗೆ ಎರಡು ದಿನ ಬೇಕು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ತೆರೆ ಜೋರಾದರೆ, ದಡದತ್ತ ತಿರುಗಿದ ದೋಣಿಯವರು ಹಿಂದಿನವರ ಎಚ್ಚರಕ್ಕೆ ಕೂ ಹಾಕುವುದು ನಮ್ಮವರ ರೂಢಿ. ದೋಣಿಗೊಂದೇ ಕೂಗು, ದಡದ ಹೆಂಗಸರು ಎಣಿಸುತ್ತಾರೆ. ಅಪ್ಪ ಸತ್ತ ದಿನ ಬೆಳಿಗ್ಗೆ ಮಂಜಿನಲ್ಲಿ ಐದು ದೋಣಿ ಹೊರಟಿದ್ದವು. ಮರಳಿದ್ದು ನಾಲ್ಕು. ಐದು ಕೂಗು ಕೇಳಿದ್ದೆ ಎಂದು ಅವ್ವಿ ಹೇಳಿದಾಗಲೆಲ್ಲ, ಎಣಿಕೆ ತಪ್ಪಿದ್ದೀಯ ಎಂದು ಸಿಡುಕುತ್ತಿದ್ದೆ.

"ಗಡಿ ದಾಟಿ ಒಳಗೆ ಹೋದದ್ದು ಎಂತ ಆಗ್ತದೆ?" ಅಂದಳು.

ಪಾಠ ಮಾಡುವವರ ಬಾಯಿ ಸುಮ್ಮನಿರಬೇಕಲ್ಲ. "ಕೆಲವು ಒಳಗಿಂದ ಸೋರಿ ಹೊರಗೆ ಬರ್ತದೆ. ಅದೂ ಅಲೆ ಎಬ್ಬಿಸ್ತದೆ," ಅಂದೆ.

ಅವ್ವಿ ಕತ್ತಿಯನ್ನು ಕೆಳಗಿಟ್ಟಳು.

"ನಾಲ್ಕು ಕೂಗಾಗಿ ಸುಮಾರು ಹೊತ್ತಾಗಿತ್ತು. ಹುಡುಕೂಕೆ ಅಂತ ದೋಣಿ ಇಳಿಸಿದ್ರು. ಅಷ್ಟರಲ್ಲಿ ಐದನೇದು ಕೇಳ್ತು. ನಿನ್ನಪ್ಪ ತಿರುಗಿದ್ರು, ಇನ್ನು ಹೋಗೂದು ಬೇಡ ಅಂತ ನಾನೇ ತಡೆದೆ."

ಇದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ಮೊಬೈಲು ಇನ್ನೂ ನರಳುತ್ತಿತ್ತು. ಹೆದರಿಕೆಯಾಗಿ ಆರಿಸಿದೆ.

"ಆ ಕೂಗು ತಿರುಗಿದ ದೋಣಿದಾ, ತೆರೆ ಒಳಗಿಂದ ಬಂದದ್ದಾ? ನಿನ್ನ ಕೆಲ್ಸ ಅದೇ ಅಲ್ವಾ ಮಗಾ. ಹೇಳು."

ತಿರುಗಿದ್ದರೆ ದೋಣಿ ದಡಕ್ಕೆ ಬರುತ್ತಿತ್ತು. ಅದು ತೆರೆಯ ಒಳಗಿಂದ ಅಪ್ಪ ಕೂಗಿದ್ದು ಎಂದು ತಿಳಿಯಲು ಯಾವ ಉಪಕರಣವೂ ಬೇಕಿರಲಿಲ್ಲ.

"ಸದ್ದು ಕೇಳಿ ಅದು ಗೊತ್ತಾಗೂದಿಲ್ಲ ಅವ್ವಿ," ಅಂದೆ.